ಪುಟ್ಟ ಸ್ಪೀಕರುಗಳು ಮತ್ತು ಊಟದ ಮಣೆ

ಸಂಗೀತ ಕಲಿಸುವ ವಾರಿಜಮ್ಮ ಅಂಗಡಿಯಲ್ಲಿದ್ದ ಸ್ಪೀಕರುಗಳಲ್ಲೆಲ್ಲ ತಂಬೂರಿಯ ನಾದವನ್ನೇ ಹಾಕಿಸಿ ಕೇಳಿದರು. ದೊಡ್ಡವು ಗುಡುಗಿದವು. ಅಗ್ಗದ ಪುಟ್ಟ ಜೋಡಿಯೊಂದು ಮಾತ್ರ ಶ್ರುತಿಯನ್ನು ಚೊಕ್ಕವಾಗಿ ಹಿಡಿಯಿತು. ಅದನ್ನೇ ಕೊಂಡು ತಂದು ಮನೆಯ ಕಬ್ಬಿಣದ ಟ್ರಂಕಿನ ಮೇಲಿಟ್ಟರು. ಅಲ್ಲಿ ಅದು ಗೊರಗೊರ ಎಂದಿತು.

"ಮೋಸಹೋದೆ. ನಾಳೆಯೇ ವಾಪಸ್ ಕೊಡುತ್ತೇನೆ" ಎಂದರು ವಾರಿಜಮ್ಮ.

ಡೈನಿಂಗ್ ಟೇಬಲ್ ಬಂದ ಮೇಲೆ ಗೋಡೆಗೊರಗಿ ನಿಂತಿದ್ದ ಹಲಸಿನ ಮಣೆ ಹೇಳಿತು: "ತಾಯಿ, ಅದುರುತ್ತಿರುವುದು ಟ್ರಂಕಿನ ಮುಚ್ಚಳ. ಅದರ ಮೇಲೆ ನನ್ನನ್ನು ಹಾಕಿ, ಆಮೇಲೆ ಅವನ್ನಿಡಿ."

ಹಾಗೇ ಮಾಡಿದರು. ತಂಬೂರಿ ಕೋಣೆ ತುಂಬಿತು.

"ಪುಟ್ಟವಾದರೂ ಎಂಥ ಕಂಠ ಇವುಗಳದ್ದು" ಎಂದು ವಾರಿಜಮ್ಮ ಕಣ್ಣು ಮುಚ್ಚಿ ಕೂತರು.

ಸ್ಪೀಕರುಗಳು ಮೆಲ್ಲಗೆ ಹೇಳಿದವು: "ಮಣೆಯಣ್ಣ, ಹೊಗಳಿಕೆ ನಮಗೆ ಬಂತು. ಆದರೆ ನಮ್ಮ ದನಿ ನಿಂತಿರುವುದು ನಿನ್ನ ಬೆನ್ನ ಮೇಲೆ. ನಿನ್ನ ಉಪಕಾರ ಮರೆಯುವುದಿಲ್ಲ."



"ಈ ಮನೆಯ ಮೂರು ತಲೆಮಾರು ನನ್ನ ಮೇಲೆ ಕೂತು ಉಂಡಿತು" ಎಂದಿತು ಮಣೆ. "ಎಲ್ಲರೂ ಸಾರನ್ನು ಹೊಗಳಿ ಎದ್ದುಹೋದರು. ಕೂತ ಜಾಗವನ್ನು ನೆನೆದವರು ನೀವೇ ಮೊದಲು."