ಇಳಿಯುವ ಕಲ್ಲು

ಪೂಜ್ಯ ಗುರುಸಿದ್ಧವ್ವ ತಾಯಿಯವರು ತಮ್ಮ ಕೊನೆಯ ಹತ್ತೊಂಬತ್ತು ವರ್ಷಗಳನ್ನು ಕಳೆದದ್ದು ತೋರಣಗಟ್ಟಿ ಊರ ಹೊರಗಿನ ಒಂದು ತಗಡಿನ ಶೆಡ್ಡಿನಲ್ಲಿ. ಒಂದು ಕಾಲಕ್ಕೆ ಅಲ್ಲಿ ಹತ್ತಿ ಜಿನ್ನು ನಡೆಯುತ್ತಿತ್ತು. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಕಾದ ಹಂಚಿನ ಮೇಲೆ ನಿಂತ ಹಾಗಾಗುತ್ತದೆ. ಕಟ್ಟಡ ಕಟ್ಟಿಸಿಕೊಡುತ್ತೇವೆಂದು ಭಕ್ತರು ಎಷ್ಟು ಸಲ ಕೇಳಿಕೊಂಡರೂ ತಾಯಿಯವರು ಒಪ್ಪಲಿಲ್ಲ. ಒಂದು ಚಾಪೆ, ಒಂದು ನೀರಿನ ಹರಿವಿ, ಮುಂದೊಂದು ಮೊರ. ದಾಸೋಹದ ಜೋಳವನ್ನು ತಾವೇ ಹಸನು ಮಾಡುತ್ತ ಕೂತಿರುತ್ತಿದ್ದರು. ಬಂದವರ ದುಃಖ ಕೇಳುವಾಗಲೂ ಅವರ ಬೆರಳು ಜೋಳದೊಳಗೇ ಆಡುತ್ತಿದ್ದವು.

ಅವರು ಲಿಂಗೈಕ್ಯರಾಗಿ ಎರಡು ವರ್ಷವಾಯಿತು. ಈಗ ಅವರ ಹೆಸರಿನಲ್ಲಿ ಒಂದು ಸುಳ್ಳು ತಿರುಗಾಡುತ್ತಿದೆ. ಭಕ್ತರೊಬ್ಬರು ಅಚ್ಚು ಹಾಕಿಸಿ ಹಂಚಿದ ಸಣ್ಣ ಪುಸ್ತಕದಲ್ಲಿ, ಕರಿಮರಡಿಯ ಒಬ್ಬ ಪೈಲ್ವಾನನ ಕಿಡ್ನಿ ಕಲ್ಲನ್ನು ತಾಯಿಯವರು ಭಸ್ಮ ಹಚ್ಚಿ ಒಂದೇ ಗಳಿಗೆಯಲ್ಲಿ ಕರಗಿಸಿದರು ಎಂದು ಬರೆದಿದೆ. ಓದಿ ಮೈಯೆಲ್ಲ ಉರಿಯಿತು. ಆ ಪೈಲ್ವಾನ ನಾನು. ಹೆಸರು ಲಗಮಣ್ಣ. ಭಸ್ಮ ಹಚ್ಚಲಿಲ್ಲ, ಕಲ್ಲು ಕರಗಲೂ ಇಲ್ಲ. ಬರೆದವರು ನನ್ನನ್ನೊಂದು ಮಾತು ಕೇಳಿದ್ದರೆ ಇದಕ್ಕಿಂತ ದೊಡ್ಡದನ್ನೇ ಹೇಳುತ್ತಿದ್ದೆ. ಕೇಳಲಿಲ್ಲ. ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ನಮ್ಮ ಕಡೆ ಯುಗಾದಿಗೆ, ಕಾರಹುಣ್ಣಿಮೆಗೆ ಸಂಗ್ರಾಣಿ ಕಲ್ಲು ಎತ್ತುತ್ತಾರೆ. ಕುಂಬಳಕಾಯಿಯಂತೆ ದುಂಡಗಿನ, ಹಿಡಿತವೇ ಸಿಗದ ಕಲ್ಲು. ಅದನ್ನು ತೊಡೆಗೆ, ಎದೆಗೆ, ಹೆಗಲಿಗೆ ಏರಿಸಿ ಹಿಂದಕ್ಕೆ ಒಗೆಯಬೇಕು. ನೂರಾ ಇಪ್ಪತ್ತೈದು ಕಿಲೋದ ಕಲ್ಲನ್ನು ಸುತ್ತ ಹನ್ನೆರಡು ಹಳ್ಳಿಯೊಳಗೆ ಹೆಗಲಿಗೇರಿಸಿದವ ನಾನೊಬ್ಬನೇ, ಇವತ್ತಿಗೂ. ನೋಡುವವರು ತೋಳು ನೋಡುತ್ತಾರೆ. ಎತ್ತುವವನಿಗೆ ಬೇಕಾದದ್ದು ದಮ್ಮು. ಉಸಿರು ಕಟ್ಟಿ ಹೊಟ್ಟೆ ಬಿಗಿ ಹಿಡಿಯಬೇಕು. ಬಾಯಿಂದ ಚೂರು ಸಪ್ಪಳ ಹೊರಟಿತೋ, ಉಸಿರು ಜಾರಿ ಕಲ್ಲು ಕಾಲ ಮೇಲೆ ಬೀಳುತ್ತದೆ. ಹೊಟ್ಟೆಯಲ್ಲಿ ನೀರು ಕುಲುಕಬಾರದೆಂದು ನಮ್ಮ ವಸ್ತಾದರು ತಾಲೀಮಿನ ದಿನಗಳಲ್ಲಿ ಎರಡೇ ಗುಟುಕು ನೀರು ಕೊಡುತ್ತಿದ್ದರು. ನಾನು ಅದನ್ನೂ ಬೇಡವೆನ್ನುತ್ತಿದ್ದೆ. ಉರಿ ಬಿಸಿಲಲ್ಲಿ ಕಬ್ಬು ಕಡಿದು, ಹೊತ್ತು ಮುಳುಗುವ ತನಕ ನೀರು ಮುಟ್ಟದ ಗಂಡಸು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ.

ಅಂಥವನನ್ನು ಸಾಸಿವೆಗಿಂತ ತುಸು ದೊಡ್ಡದಾದ ಕಲ್ಲೊಂದು ಕೆಡವಿತು.

ಅನುಭವಿಸಿದವರಿಗೆ ಹೇಳಬೇಕಾಗಿಲ್ಲ. ಅನುಭವಿಸದವರಿಗೆ ಹೇಳಿ ಉಪಯೋಗವಿಲ್ಲ. ಎಡ ಪಕ್ಕೆಲುಬಿನ ಕೆಳಗೆ ಹಿಡಿದು, ಯಾರೋ ಒಳಗೆ ಕೂತು ಕರುಳನ್ನು ಹಗ್ಗ ಹೊಸೆಯುವಂತೆ ಹೊಸೆಯುತ್ತ ತೊಡೆಸಂದಿಯ ತನಕ ಇಳಿಯುತ್ತದೆ. ಕೂತರೂ ಆಗದು, ನಿಂತರೂ ಆಗದು, ಹೊರಳಾಡಿದರೂ ಆಗದು. ತಾಲೂಕಿನ ಡಾಕ್ಟರು ಫೋಟೋ ತೆಗೆಸಿ, "ದಿನಾ ಮೂರು ಲೀಟರ್ ನೀರು ಕುಡಿ" ಎಂದರು. ನಾನು ಗುಳಿಗೆ ಇಸಕೊಂಡು ಬಂದೆ, ನೀರಿನ ಮಾತು ಅಲ್ಲೇ ಬಿಟ್ಟು ಬಂದೆ. ಮೊದಲನೆಯದು ಬಿತ್ತು. ಐದು ತಿಂಗಳಿಗೆ ಇನ್ನೊಂದು ಬಂತು. ಬಾಳೆದಿಂಡಿನ ರಸ ಕುಡಿ ಎಂದವರೆಷ್ಟು, ಹುರುಳಿ ಕಟ್ಟು ಕುಡಿ ಎಂದವರೆಷ್ಟು! ಕಟ್ಟೆಗೆ ಕೂತವರಿಗೆಲ್ಲ ನನ್ನ ಹೊಟ್ಟೆಯೇ ಪಂಚಾಯ್ತಿಯಾಯಿತು. "ಏನಲೇ ಲಗಮ್ಯಾ, ಗುಂಡು ಎತ್ತಾಂವ ಗುಂಡು ನುಂಗೀಯಲ್ಲಲೇ" ಎಂದು ನಕ್ಕವನ ಹಲ್ಲು ಉದುರಿಸಬೇಕೆನ್ನಿಸಿತ್ತು.

ನಮ್ಮವ್ವ ಗುರುಸಿದ್ಧವ್ವ ತಾಯಿಯವರ ಭಕ್ತಳು. ಕಣ್ಣು ಬೇನೆಯಾದವರು ಬೆಳ್ಳಿಯ ಕಣ್ಣು, ಕಾಲು ನೋವಾದವರು ಬೆಳ್ಳಿಯ ಕಾಲು ಮಾಡಿಸಿ ಒಪ್ಪಿಸುವುದು ನಮ್ಮಲ್ಲಿ ವಾಡಿಕೆ. ನಮ್ಮವ್ವ ಪತ್ತಾರರ ಅಂಗಡಿಗೆ ಹೋಗಿ ಬೆಳ್ಳಿಯ ಕಿಡ್ನಿ ಕೇಳಿದಳು. ಪತ್ತಾರರಿಗೂ ಅದರ ಆಕಾರ ಗೊತ್ತಿಲ್ಲ, ಅವ್ವನಿಗೂ ಗೊತ್ತಿಲ್ಲ. ಕಡೆಗೆ ಇಬ್ಬರೂ ಮಾತಾಡಿಕೊಂಡು ಒಂದು ಗೋಡಂಬಿಯ ಹಾಗೆ ಮಾಡಿಸಿದರು. ಅದನ್ನು ತಾಯಿಯವರ ಮುಂದಿಟ್ಟು ಬಂದ ಮೇಲೆ ಎರಡು ತಿಂಗಳು ನಾನು ಆರಾಮಿದ್ದೆ. ಮೂರನೆಯ ತಿಂಗಳು ಮತ್ತೆ ಹಿಡಿಯಿತು.

ಅವತ್ತು ನಡೆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. ಹಲ್ಲು ಕಚ್ಚಿ, ಉಸಿರು ಕಟ್ಟಿ, ಗೋಡೆಗೆ ಹಣೆಯಿಟ್ಟು ನಿಂತಿದ್ದೆ. ಹೆಂಡತಿ ಕಸ್ತೂರಿ ಬೆನ್ನು ತಿಕ್ಕಲು ಬಂದಳು. ಅವಳ ಕೈ ಬೆನ್ನಿಗೆ ತಾಗಿದ್ದೇ ತಡ, ನೂರಾ ಇಪ್ಪತ್ತೈದು ಕಿಲೋ ಎತ್ತುವ ಈ ತೋಳು ಬೀಸಿ ನೂಕಿದೆ. ಅವಳು ಬೀಸುಕಲ್ಲಿನ ಮೇಲೆ ಬಿದ್ದಳು. ಮುಂಗೈ ಎಲುಬು ಮುರಿಯಿತು. ಮರುದಿನ ಅವಳ ತಮ್ಮ ಭೀಮಶಿ ಬಂದು ಕರೆದುಕೊಂಡು ಹೋದ. ವಾರದ ಮೇಲೆ ಅವನ ಕೈಯಲ್ಲೇ ಮಾತು ಕಳಿಸಿದಳು: "ಅವರ ನೋವಿಗೆ ಬರ್ತೀನಿ. ಅವರ ಸಿಟ್ಟಿಗೆ ಬರೂದಿಲ್ಲ. ಎರಡೂ ಬ್ಯಾರೆ ಆದ ದಿನ ಹೇಳಿ ಕಳಸ್ರಿ."

ನನಗೆ ಇನ್ನಷ್ಟು ಸಿಟ್ಟು ಬಂತು. ನೋವು ಹೋದರೆ ಸಿಟ್ಟು ತಾನೇ ಹೋಗುತ್ತದೆ, ಹೆಂಡತಿ ತಾನೇ ಬರುತ್ತಾಳೆ. ನೋವನ್ನು ತೆಗೆಯಲಾಗದ ದೇವರಿಗೆ ಬೆಳ್ಳಿ ಯಾಕೆ? ಹೀಗೆಂದುಕೊಂಡು ಮಟಮಟ ಮಧ್ಯಾಹ್ನ ಸೈಕಲ್ ತುಳಿದು ತೋರಣಗಟ್ಟಿಗೆ ಹೋದೆ.

ಶೆಡ್ಡಿನ ಬಾಗಿಲಲ್ಲೇ ಒಳಗಿನ ನರಳಾಟ ಕೇಳಿಸಿತು. ಎಂಟು ಹತ್ತು ಜನ ಭಕ್ತರು ಕೂತಿದ್ದರು. ನಡುವೆ ಚಾಪೆಯ ಮೇಲೆ ತಾಯಿಯವರು ಮಗ್ಗುಲಾಗಿ ಮಲಗಿ, ಮೊಣಕಾಲು ಹೊಟ್ಟೆಗೆ ಒತ್ತಿಕೊಂಡು, "ಯವ್ವಾ... ಯಪ್ಪಾ... ಶಿವನ..." ಎಂದು ಯಾವ ಸಂಕೋಚವೂ ಇಲ್ಲದೆ ನರಳುತ್ತಿದ್ದರು. ಮಠದ ಕೆಲಸ ನೋಡಿಕೊಳ್ಳುವ ಮುದುಕ ಅಡಿವೆಯ್ಯನವರು ಗಾಳಿ ಬೀಸುತ್ತಿದ್ದರು. ಏನಾಗಿದೆ ಎಂದು ಬಾಗಿಲಲ್ಲಿದ್ದ ಮುದುಕಿಯನ್ನು ಕೇಳಿದೆ.

"ಕಲ್ಲಿನ ಬ್ಯಾನಿ. ಹನ್ನೆರಡ ವರ್ಷಾತು. ಬರತೈತಿ, ಹೋಗತೈತಿ" ಎಂದಳು, ಮಳೆಯ ವಿಷಯ ಹೇಳಿದ ಹಾಗೆ.

ಅವ್ವ ಇದನ್ನು ನನಗೆ ಹೇಳಿರಲಿಲ್ಲ. ನೆತ್ತಿಗೆ ರಕ್ತ ಏರಿತು. ಚಪ್ಪಲಿ ಮೆಟ್ಟಿಕೊಂಡೇ ಒಳಗೆ ನುಗ್ಗಿದೆ. "ಯವ್ವಾ, ಕಲ್ಲು ತಿರುಗಿ ಬಂದೈತಿ. ನಮ್ಮವ್ವ ಕೊಟ್ಟ ಬೆಳ್ಳಿ ಕಿಡ್ನಿನೂ ತಿರುಗಿ ಕೊಡ್ರಿ! ತಮ್ಮ ಕಲ್ಲು ತಮಗ ಕರಗಸಾಕ ಆಗಿಲ್ಲ, ಮಂದಿ ಕಲ್ಲಿಗೆ ಕೈ ಯಾಕ ಹಾಕ್ತೀರಿ?"

"ಏ ಹಲ್ಕಟ್! ಚಪ್ಪಲಿ ಬಿಡೋ ಮೊದಲ!" ಎಂದು ಅಡಿವೆಯ್ಯನವರು ಬೀಸಣಿಗೆಯನ್ನೇ ಎತ್ತಿಕೊಂಡು ಬಂದರು. ಭಕ್ತರೆಲ್ಲ ಎದ್ದು ನಿಂತರು.

ತಾಯಿಯವರು ನರಳಾಟದ ನಡುವೆಯೇ ನಕ್ಕರು. ನಿಜವಾಗಿಯೂ ನಕ್ಕರು, ಕಣ್ಣಲ್ಲಿ ನೋವಿನ ನೀರಿತ್ತು. "ಖರೆ ಮಾತು ಹೇಳ್ಯಾನ, ಬಿಡ್ರಿ ಅವನ್ನ. ಯಪ್ಪಾ... ಅಡಿವೆಯ್ಯಾ, ಅವನ ಬೆಳ್ಳಿ ಹುಡುಕಿ ಕೊಡು."

ಅಡಿವೆಯ್ಯನವರು ಗೊಣಗುತ್ತ ಡಬ್ಬಿ ತಡಕಾಡಿದರು. ಕಣ್ಣು, ಕಾಲು, ತೊಟ್ಟಿಲು ಎಲ್ಲ ಇದ್ದವು, ಇದು ಸಿಗಲಿಲ್ಲ. ಕಡೆಗೆ ಅದು ಸಿಕ್ಕಿದ್ದು ನೈವೇದ್ಯದ ತಟ್ಟೆಯಲ್ಲಿ, ದ್ರಾಕ್ಷಿಯ ನಡುವೆ. "ಗೋಡಂಬಿ ಅಂತ ತಿಳಿದಿದ್ನೆಪಾ" ಎಂದು ಅವರು ಕಣ್ಣು ಕಿರಿದು ಮಾಡಿ ಅದನ್ನೇ ನೋಡಿದರು. ಕೂತವರಲ್ಲಿ ಯಾರೋ ಕಿಸಕ್ಕೆಂದರು.

ಅದನ್ನು ತೆಗೆದುಕೊಳ್ಳಲು ಕೈ ಚಾಚಿದೆನಷ್ಟೆ, ಎಡಗಡೆ ಕಳಕ್ಕೆಂದಿತು. ಸೈಕಲ್ ತುಳಿದು ಬಂದ ಬಿಸಿಲಿಗೆ ಕಲ್ಲು ಕದಲಿರಬೇಕು. ಅಲ್ಲೇ ಕುಕ್ಕರಿಸಿದೆ. ಆದರೂ ಬಾಯಿ ಬಿಡಲಿಲ್ಲ. ಉಸಿರು ಕಟ್ಟಿದೆ, ಮುಷ್ಟಿ ಬಿಗಿದೆ, ಕುತ್ತಿಗೆಯ ನರ ಉಬ್ಬಿದವು. ಪಾಪ, ಅಡಿವೆಯ್ಯನವರು ಭುಜ ಹಿಡಿಯಲು ಬಂದರು. ನನ್ನ ಕೈ ಮೇಲೆದ್ದಿತ್ತು.

"ಸಂಗ್ರಾಣಿ ಎತ್ತಾಂವ ಏನೋ ತಮ್ಮಾ?" ಎಂದು ತಾಯಿಯವರು ಮಲಗಿದಲ್ಲಿಂದ ಕೇಳಿದರು.

ಇದನ್ನೇ ಆ ಪುಸ್ತಕದಲ್ಲಿ ದಿವ್ಯದೃಷ್ಟಿ ಎಂದು ಬರೆದಿದ್ದಾರೆ. ಅಂಗಿಯ ಗುಂಡಿ ಬಿಚ್ಚಿತ್ತು, ಕಲ್ಲು ಉಜ್ಜಿ ಉಜ್ಜಿ ಕಪ್ಪಾದ ನನ್ನ ಎದೆ ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಆದರೆ ಅಲ್ಲಿ ಕೂತಿದ್ದ ಹತ್ತು ಜನರ ಕಣ್ಣಿಗೆ ಬೀಳದ್ದು ಆ ನೋವಿನಲ್ಲೂ ತಾಯಿಯವರಿಗೆ ಕಂಡಿತಲ್ಲ, ಅದನ್ನು ನಾನು ದೊಡ್ಡದೆನ್ನುತ್ತೇನೆ.

ನಾನು ತಲೆಯಾಡಿಸಿದೆ.

"ಅದು ಎತ್ತೋ ಕಲ್ಲು, ಅದಕ್ಕ ದಮ್ಮು ಹಿಡೀಬೇಕು. ಇದು ಇಳಿಯೋ ಕಲ್ಲಪಾ. ಇದಕ್ಕ ದಮ್ಮು ಬಿಡಬೇಕು. ಒದರು."

"ನಾ ಒದರೂದಿಲ್ಲ" ಎಂದೆ ಹಲ್ಲಿನ ನಡುವೆ.

"ನಾ ಒದರಾಕತ್ತೀನಲ್ಲ, ನನ್ನ ಮಾನ ಏನು ಹೋಗೈತಿ? ಒದರು."

ಮರುಗಳಿಗೆಯಲ್ಲಿ ನೋವು ತಿರುಚಿತು. ನಾನು ಒದರಿದೆ. ತಗಡು ಗಡಗಡ ಎನ್ನುವ ಹಾಗೆ ಒದರಿದೆ. ಹುಟ್ಟಿದಾಗ ಅತ್ತ ಮೇಲೆ ಅಷ್ಟು ದೊಡ್ಡ ದನಿ ತೆಗೆದದ್ದು ಅದೇ ಮೊದಲು. ಅತ್ತ ಚಾಪೆಯ ಮೇಲೆ ತಾಯಿಯವರು "ಯವ್ವಾ" ಎಂದರೆ ಇತ್ತ ನಾನು "ಸತ್ತೆನೋ" ಎನ್ನುತ್ತಿದ್ದೆ. ಬಾಗಿಲಲ್ಲಿದ್ದ ಮುದುಕಿ, "ತಾಳ ತರ್ರೆವ್ವಾ, ಭಜನಿ ಚಾಲೂ ಆತು" ಎಂದಳು. ಯಾರೂ ನನ್ನನ್ನು ಗಂಡಸಲ್ಲ ಎನ್ನಲಿಲ್ಲ. ನೋವು ಕಡಿಮೆಯಾಯಿತೆಂದು ನಾನು ಹೇಳುವುದಿಲ್ಲ. ಮುಷ್ಟಿ ಮಾತ್ರ ಯಾವಾಗಲೋ ತಾನೇ ಬಿಚ್ಚಿತ್ತು.

ಅರ್ಧ ತಾಸಿಗೆ ಇಬ್ಬರಿಗೂ ತುಸು ಸಡಿಲಿತು. ತಾಯಿಯವರು ಎದ್ದು ಕೂತು ಹರಿವಿಯಿಂದ ನೀರು ತೆಗೆಸಿ ತಾವು ಕುಡಿದು ನನಗೂ ಕುಡಿಸಿದರು. ಸಾಕೆಂದರೆ ಇನ್ನೊಂದು ಎಂದರು. ಆಮೇಲೆ ಕೇಳಿದರು: "ಮನ್ಯಾಗ ಬೆನ್ನು ತಿಕ್ಕಾಕ ಯಾರದಾರ?"

"ಯಾರೂ ಇಲ್ರಿ. ಹೆಂಡ್ತಿ ತವರಿಗೆ ಹೋಗ್ಯಾಳ."

"ಯಾಕ?"

ಹೇಳಿದೆ. ನೋವಿನ ಭರದಲ್ಲಿ ಆಯಿತು, ಕಲ್ಲು ನನ್ನಿಂದ ಹಾಗೆ ಮಾಡಿಸಿತು ಎಂದೆ. ಅದೇ ಬೇನೆಯವರು, ಅವರಾದರೂ ಹೌದಪ್ಪ ಎನ್ನುತ್ತಾರೆಂದು ಕಾದೆ.

ತಾಯಿಯವರ ಮುಖ ಕೆಂಪಾಯಿತು. ಅವರಿಗೆ ಸಿಟ್ಟು ಬಂದದ್ದನ್ನು ಅಡಿವೆಯ್ಯನವರು ಅಷ್ಟು ವರ್ಷಗಳಲ್ಲಿ ಅದೊಂದೇ ಸಲ ಕಂಡರಂತೆ. ನನ್ನ ಸಿಟ್ಟು ದೊಡ್ಡದೆಂದು ಮೆರೆಯುತ್ತಿದ್ದೆ. ತಾಯಿಯವರ ಸಿಟ್ಟಿನ ಮುಂದೆ ಅದು ಹೊಟ್ಟಿನ ಬೆಂಕಿ.

"ಕಲ್ಲು ನಿನ್ನ ಹೊಟ್ಟ್ಯಾಗಿತ್ತು. ಆಕಿ ಕೈ ಯಾಕ ಮುರೀತು?"

ಅಷ್ಟೇ ಕೇಳಿದರು. ಕೇಳಿ, ನನ್ನನ್ನೇ ನೋಡುತ್ತ ಕೂತರು. ನಾನು ಎಲ್ಲೆಲ್ಲೋ ಉತ್ತರ ಹುಡುಕಿದೆ. ಕಲ್ಲಿನ ಮೇಲೆ, ಡಾಕ್ಟರ ಮೇಲೆ, ಬೆಳ್ಳಿಯ ಮೇಲೆ, ಕಟ್ಟೆಯ ಮೇಲೆ ನಕ್ಕವರ ಮೇಲೆ ಹಾಕಲು ನೋಡಿದೆ. ಯಾರ ಮೇಲೂ ಅದು ಕೂರಲಿಲ್ಲ. ನನಗೂ ಆ ತಾಯಿಗೂ ಒಂದೇ ಬೇನೆ, ಒಂದೇ ಹೊತ್ತಿಗೆ ಹಿಡಿದಿತ್ತು. ಅವರು ಆ ನೋವಿನಲ್ಲೇ ನನ್ನಂಥ ಚಪ್ಪಲಿಗಾಲಿನವನ ಮಾತನ್ನು ಖರೆ ಎಂದಿದ್ದರು. ನಾನು ಮುದುಕರೊಬ್ಬರ ಮೇಲೆ ಕೈ ಎತ್ತಿದ್ದೆ. ತಲೆ ತಗ್ಗಿಸಿದೆ. ಅವತ್ತಿನ ತನಕ ಕಲ್ಲು ಎತ್ತಲೆಂದಲ್ಲದೆ ಬಗ್ಗಿದ ಕುತ್ತಿಗೆಯಲ್ಲ ಇದು.

"ಡಾಕ್ಟರು ಹೇಳಿದ್ದು ಕೇಳು. ನೀರು ಕುಡಿ. ಕಲ್ಲು ಮತ್ತ ಬಂದ್ರೂ ಬರತೈತಿ" ಎಂದರು ತಾಯಿಯವರು, ಮೊರವನ್ನು ಹತ್ತಿರ ಎಳೆದುಕೊಳ್ಳುತ್ತ. "ಈಗ ಹೋಗು. ಇಲ್ಲಿ ಕುಂತು ಏನ ಮಾಡ್ತಿ?"

ಬೆಳ್ಳಿ ಕೇಳಲಿಲ್ಲ. ಪಾದ ಮುಟ್ಟಿ ಹೊರಗೆ ಬಂದೆ.

ಎಂಟು ದಿನ ಡಾಕ್ಟರು ಹೇಳಿದಂತೆ ನಡೆದು, ಒಂಬತ್ತನೆಯ ದಿನ ಬೀಗರ ಊರಿಗೆ ಹೋದೆ. ಅತ್ತೆ ಕಾಲಿಗೆ ನೀರು ಕೊಡಲಿಲ್ಲ. ಮಾವ "ಕುಂದ್ರು" ಎಂದರು, ಅಳಿಯನಿಗೆ ಹೇಳುವ ಹಾಗಲ್ಲ. ಕಸ್ತೂರಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕೈಗೆ ಇನ್ನೂ ಕಟ್ಟಿತ್ತು. ಬರುವಾಗ ದಾರಿಯುದ್ದಕ್ಕೂ ಹತ್ತು ಮಾತು ಜೋಡಿಸಿಕೊಂಡಿದ್ದೆ. ಎಲ್ಲರ ಮುಂದೆ ಬಾಯಿಗೆ ಬಂದದ್ದು ಒಂದೇ: "ನಿನ್ನ ಕೈ ಮುರದಾಂವ ನಾನು. ಕಲ್ಲಲ್ಲ."

ಅವಳು ಒಳಗೆ ಹೋದಳು.

ಊಟಕ್ಕೆ ಕೂತಾಗ ಹಿಡಿಯಿತು. ಎರಡನೆಯ ರೊಟ್ಟಿ ಮುರಿಯುತ್ತಿದ್ದೆ. ಹಳೆಯ ರೂಢಿ ಎಲ್ಲಿ ಬಿಡುತ್ತದೆ? ಹಲ್ಲು ಕಚ್ಚಿದೆ, ಉಸಿರು ಕಟ್ಟಿದೆ. ಬಾಗಿಲಲ್ಲಿ ಕಸ್ತೂರಿ ಒಂದು ಹೆಜ್ಜೆ ಹಿಂದೆ ಸರಿದದ್ದು ಕಣ್ಣಿಗೆ ಬಿತ್ತು. ಆ ಒಂದು ಹೆಜ್ಜೆ ನನಗೆ ಕಲ್ಲಿಗಿಂತ ಹೆಚ್ಚು ನೋಯಿಸಿತು. ಕಟ್ಟಿದ ಉಸಿರು ಬಿಟ್ಟೆ. "ಯವ್ವಾ... ಸತ್ತೆನೇ..." ಎಂದು ಬೀಗರ ಪಡಸಾಲೆಯ ನಡುವೆ, ಓಣಿಗೆಲ್ಲ ಕೇಳುವ ಹಾಗೆ ಒದರುತ್ತ ಹೊರಳಿದೆ.

ಭೀಮಶಿ ಬಿದ್ದು ಬಿದ್ದು ನಕ್ಕ. "ಏ ಅಕ್ಕಾ, ನಿನ್ನ ಸಂಗ್ರಾಣಿ ಪೈಲ್ವಾನ ಹಡ್ಯಾಕ ಬಂದಾನ ನೋಡ, ಸೂಲಗಿತ್ತಿನ್ನ ಕರೀರಿ!"

ಅವನನ್ನು ನಗಲು ಬಿಟ್ಟು ನಾನು ಒದರುತ್ತಲೇ ಇದ್ದೆ.

ಕಸ್ತೂರಿ ಒಂದು ತಂಬಿಗೆ ನೀರು ತಂದು ಮಾರು ದೂರದಲ್ಲಿಟ್ಟು ಹಿಂದೆ ಸರಿದಳು. ತೆವಳಿ ಹೋಗಿ ಕುಡಿದೆ. ಎರಡನೆಯದನ್ನು ತುಸು ಹತ್ತಿರ ಇಟ್ಟಳು, ಆಗಲೂ ಸರಿದಳು. ಮೂರನೆಯದನ್ನು ತಂದಾಗ ನೋವು ಇನ್ನೂ ತಿರುಚುತ್ತಲೇ ಇತ್ತು. ಅವಳು ಸರಿಯಲಿಲ್ಲ. ಪಕ್ಕದಲ್ಲಿ ಕೂತು, ಆರಾಮಿದ್ದ ಕೈಯನ್ನು ಮೆಲ್ಲಗೆ ನನ್ನ ಬೆನ್ನಿಗಿಟ್ಟಳು. ನಾನು ಅಲುಗಾಡಲಿಲ್ಲ.

"ಒದರ್ರಿ" ಎಂದಳು. "ಇನ್ನೂ ಜೋರಾಗಿ ಒದರ್ರಿ. ನಾ ಇಲ್ಲೇ ಅದೀನಿ."