ಎಡಗಡೆಯ ಶಿಲುಬೆ

ಗುಡ್ಡದಹಟ್ಟಿಯ ಕುಷ್ಠರೋಗಿಗಳ ಆಶ್ರಮದಲ್ಲಿ ಪೂಜ್ಯ ಮದರ್ ತೆಕ್ಲಮ್ಮನವರು ಹೆಚ್ಚು ಹೊತ್ತು ಕಳೆಯುತ್ತಿದ್ದದ್ದು ಎಲ್ಲಿ ಎಂದು ಕೇಳಿದರೆ ಹೊರಗಿನವರು ಪ್ರಾರ್ಥನಾ ಮಂದಿರವನ್ನು ತೋರಿಸುತ್ತಿದ್ದರು. ಒಳಗಿನವರು ಹಿತ್ತಿಲ ಜಗಲಿಯನ್ನು ತೋರಿಸುತ್ತಿದ್ದರು. ರೋಗಿಗಳ ಹುಣ್ಣಿಗೆ ಸುತ್ತಿದ ಬಟ್ಟೆಪಟ್ಟಿಗಳನ್ನು ಅಲ್ಲಿ ಹಂಡೆಯಲ್ಲಿ ಕುದಿಸಿ, ಹಿಂಡಿ, ಹಗ್ಗದ ಮೇಲೆ ಒಣಹಾಕುತ್ತಿದ್ದರು. ಆಶ್ರಮಕ್ಕೆ ಹಿರಿಯರಾಗಿದ್ದರೂ ಆ ಕೆಲಸವನ್ನು ಅಮ್ಮನವರು ಇನ್ನೊಬ್ಬರಿಗೆ ಬಿಟ್ಟುಕೊಟ್ಟವರಲ್ಲ.

ಅವರನ್ನು ಶಾಂತಮೂರ್ತಿ ಎಂದು ಬಣ್ಣಿಸುವವರು ಅವರ ಜೊತೆ ಬಾಳಿದವರಲ್ಲ. ಹುಟ್ಟಿನಿಂದ ಅಮ್ಮನವರದು ಮುಂಗೋಪ. ಸಿಟ್ಟು ಬಂದಾಗ ತುಟಿ ಬಿಗಿದು, ಸೊಂಟದ ಜಪಸರವನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದರು. ಮುಷ್ಟಿ ಸಡಿಲವಾಗುವ ತನಕ ಬಾಯಿ ತೆರೆಯುತ್ತಿರಲಿಲ್ಲ. ಅವರ ಮಾತು ಅಷ್ಟು ಮಿತವಾದದ್ದಕ್ಕೆ ಇದೇ ಕಾರಣವೆಂದು ಹಳೆಯ ಸಿಸ್ಟರುಗಳು ಹೇಳುತ್ತಿದ್ದರು.

ಒಂದು ವರ್ಷ, ಶುಭ ಶುಕ್ರವಾರಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ ನಡುವೆ, ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ, ಗಾರೆ ಮೇಸ್ತ್ರಿ ಚೌರಪ್ಪ ಆ ಜಗಲಿಗೆ ಬಂದು ನಿಂತ. ಪಕ್ಕದ ಊರಿನಲ್ಲಿ ಪ್ರತಿ ಶುಭ ಶುಕ್ರವಾರ ಯೇಸುಸ್ವಾಮಿಯ ಪಾಡು-ಮರಣಗಳ ನಾಟಕ ನಡೆಯುತ್ತಿತ್ತು. ಬಹಳ ವರ್ಷಗಳಿಂದ ಅದರಲ್ಲಿ ಸ್ವಾಮಿಯ ಪಾತ್ರ ಚೌರಪ್ಪನದೇ. ಎತ್ತರದ ಆಳು, ಗಂಟೆ ಹೊಡೆದಂಥ ಕಂಠ. ಅವನು ಶಿಲುಬೆ ಹೊತ್ತು ಬೀದಿಯಲ್ಲಿ ಬರುವಾಗ ಮುದುಕಿಯರು ಎದೆ ಬಡಿದುಕೊಂಡು ಅಳುತ್ತಿದ್ದರು.

"ಅಮ್ಮಾವ್ರೆ, ನನ್ನ ಪಾತ್ರ ಕಿತ್ತುಕೊಂಡ್ರು," ಎಂದ.

ಊರಿನ ಚರ್ಚಿನ ಗುರುಸ್ವಾಮಿಗಳು ಆ ವರ್ಷ ಪಾತ್ರವನ್ನು ಟ್ರ್ಯಾಕ್ಟರ್ ಓಡಿಸುವ ಸಗಾಯರಾಜನಿಗೆ ಕೊಟ್ಟಿದ್ದರು. ಸಗಾಯರಾಜ ಬೇರೆ ಯಾರೂ ಅಲ್ಲ, ಚೌರಪ್ಪನ ತೀರಿಹೋದ ಅಣ್ಣನ ಮಗ. ಗುರುಗಳು ಕಾರಣವನ್ನೂ ಮುಚ್ಚಿಟ್ಟಿರಲಿಲ್ಲ. ಚೌರಪ್ಪನಿಗೆ ಐವತ್ತು ಹತ್ತಿರವಾಗಿತ್ತು. ಹಿಂದಿನ ವರ್ಷ ಅವನು ಗಡ್ಡಕ್ಕೆ ಬಳಿದುಕೊಂಡ ಕಪ್ಪು ಬಣ್ಣ ಬಿಸಿಲಿಗೆ ಕರಗಿ, ಶಿಲುಬೆಯ ಮೇಲೆ ಎದೆಯವರೆಗೂ ಇಳಿದಿತ್ತು. ಅಳಬೇಕಾದ ಜನ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡಿದ್ದರು.

"ಬಣ್ಣದ ತಪ್ಪಿಗೆ ನನ್ನನ್ನ ಬಿಡೋದಾ? ಆ ಹುಡುಗನಿಗೆ ನಾಲ್ಕು ಮಾತು ನೆಟ್ಟಗೆ ಬರಲ್ಲ. ನಮ್ಮ ಬೀದಿಯವರೆಲ್ಲ ನನ್ನ ಕಡೆ ಇದಾರೆ. ನಾವೇ ಬೇರೆ ನಾಟಕ ಆಡ್ತೀವಿ, ಅದೇ ದಿನ, ಅದೇ ಹೊತ್ತಿಗೆ. ಗುರುಗಳಿಗೆ ನೀವು ಒಂದು ಮಾತು ಹೇಳಿದ್ರೆ ಅಲ್ಲಿಗೆ ಮುಗೀತದೆ."

ಅಮ್ಮನವರು ಮುಷ್ಟಿಯಲ್ಲಿ ಜಪಸರ ಹಿಡಿದು, ಇನ್ನೊಂದು ಕೈಯಿಂದ ಒದ್ದೆ ಬಟ್ಟೆಯ ತುದಿಯನ್ನು ಅವನತ್ತ ಚಾಚಿದರು. ಅವನು ಹಿಡಿದುಕೊಂಡ. ಇಬ್ಬರೂ ಹಿಂಡಿದರು. ಹಿಂಡುತ್ತಲೇ ಅವನು ಮಾತು ಮುಂದುವರಿಸಿದ. ಇದು ಅಹಂಕಾರವಲ್ಲ, ಭಕ್ತಿ ಎಂದ. ತಪಸ್ಸುಕಾಲ ಶುರುವಾದರೆ ತಾನು ಮಾಂಸ ಮುಟ್ಟುವುದಿಲ್ಲ, ಚಾಪೆಯಿಲ್ಲದೆ ಬರೀ ನೆಲದ ಮೇಲೆ ಮಲಗುತ್ತೇನೆ, ಹೆಂಡತಿಯ ಜೊತೆಗೂ ಹೆಚ್ಚು ಮಾತಿಲ್ಲ ಎಂದ.

"ನಾನು ಅನ್ನೋದು ನನ್ನೊಳಗೆ ಎಂದೋ ಸತ್ತು ಹೋಗಿದೆ ಅಮ್ಮಾವ್ರೆ. ಹಂಗೆ ಸತ್ತಿದ್ದಕ್ಕೇ ಆ ಪಾತ್ರ ಅಷ್ಟು ಚೆನ್ನಾಗಿ ಬರ್ತಿತ್ತು."

ಒಳಗಿನಿಂದ ಒಬ್ಬ ರೋಗಿ ನೀರು ಕೇಳಿದ. ಅಮ್ಮನವರು ಎದ್ದುಹೋಗಿ ಕುಡಿಸಿ ಬಂದರು. ಚೌರಪ್ಪ ಬಿಟ್ಟ ಕಡೆಯಿಂದ ಶುರುಮಾಡಿದ. ಆ ರೋಗಿಗೆ ನೀರು ತಣ್ಣಗಿರಲಿಲ್ಲವಂತೆ, ಮತ್ತೆ ಕೂಗಿದ. ಅಮ್ಮನವರು ಮತ್ತೆ ಹೋಗಿ ಬಂದರು. ಅಷ್ಟರಲ್ಲಿ ಚೌರಪ್ಪನಿಗೆ ಬಿಟ್ಟ ಜಾಗ ಮರೆತುಹೋಗಿತ್ತು. ಮೊದಲಿನಿಂದ ಹೇಳತೊಡಗಿದ: "ಅಮ್ಮಾವ್ರೆ, ನನ್ನ ಪಾತ್ರ ಕಿತ್ತುಕೊಂಡ್ರು."

ಅಮ್ಮನವರು ಜಪಸರವನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಮುಷ್ಟಿ ಸಡಿಲವಾದ ಮೇಲೆ ಹೇಳಿದರು:

"ಚೌರಪ್ಪ, ಕ್ರಿಸ್ತರಾಗಿ ಸತ್ತದ್ದು ಸಾಕು. ಈ ವರ್ಷ ಕ್ರಿಸ್ತರ ಜೊತೆ ಸಾಯಿ. ಎಡಗಡೆ ಶಿಲುಬೆಯ ಕಳ್ಳನ ಪಾತ್ರಕ್ಕೆ ಯಾರೂ ಸಿಕ್ಕಿಲ್ಲವಂತೆ."

ಚೌರಪ್ಪನ ಕೈಯಿಂದ ಬಟ್ಟೆ ಜಾರಿತು. "ಸ್ವಾಮಿಯ ಅಕ್ಕಪಕ್ಕ ಸಾಯೋ ಇಬ್ಬರು ಕಳ್ಳರಲ್ಲಿ ಅವನು ಸ್ವಾಮಿಯನ್ನೇ ಬಯ್ಯೋನು ಅಮ್ಮಾ. ಕೊನೇತನಕ ಬಯ್ಯುತ್ತಲೇ ಇರ್ತಾನೆ."

"ಬೈಗುಳ ನಿನಗೆ ಕಷ್ಟವಾಗಲಾರದು," ಎಂದು ಅಮ್ಮನವರು ಕೆಳಗೆ ಬಿದ್ದ ಬಟ್ಟೆಯನ್ನು ಎತ್ತಿ ಮತ್ತೆ ಹಂಡೆಗೆ ಹಾಕಿದರು.

ಅವನು ಹೇಳದೆ ಕೇಳದೆ ಹೊರಟುಹೋದ. ಮನೆಗೆ ಹೋಗಿ ಹೆಂಡತಿ ಅಂತೋಣಮ್ಮನ ಮುಂದೆ, ಈ ಮುದುಕಿಯನ್ನು ಸಂತಳು ಅನ್ನುವವರಿಗೆ ಬುದ್ಧಿಯಿಲ್ಲ ಎಂದು ಕೂಗಾಡಿದ. ಅಂತೋಣಮ್ಮ ರಾಗಿ ಬೀಸುತ್ತಿದ್ದವಳು ತಲೆಯೆತ್ತಲಿಲ್ಲ. "ಅಮ್ಮಾವ್ರು ಹೇಳಿದ್ದನ್ನ ಮಾಡಿ, ಇಲ್ಲ ಬಾಯಿ ಮುಚ್ಕೊಂಡಿರಿ. ಎರಡರಲ್ಲಿ ಯಾವುದಾದ್ರೂ ನನಗೆ ನೆಮ್ಮದಿ," ಎಂದಳು.

ಮರುದಿನ ಚೌರಪ್ಪ ಗುರುಗಳ ಬಳಿ ಹೋಗಿ ಕಳ್ಳನ ಪಾತ್ರ ಕೇಳಿದ. ವಿಧೇಯತೆಯಿಂದ ಹೋದನೆಂದು ಹೇಳಲು ನನಗೂ ಆಸೆ, ಆದರೆ ನಿಜ ಹಾಗಿಲ್ಲ. ಊರೆಲ್ಲ ನಡುವಿನ ಶಿಲುಬೆ ಬಿಟ್ಟು ಎಡಗಡೆಯದನ್ನೇ ನೋಡುವ ಹಾಗೆ ಮಾಡಿಬಿಡುತ್ತೇನೆ ಎಂಬ ಛಲದಿಂದ ಹೋದ. ಅಂತೂ ಅವನ ಬೀದಿಯವರ ಬೇರೆ ನಾಟಕ ನಿಂತುಹೋಯಿತು. ಗುರುಗಳು ದೇವರಿಗೆ ವಂದನೆ ಸಲ್ಲಿಸಿದರು.

ವಂದನೆ ಸ್ವಲ್ಪ ಬೇಗವಾಯಿತೆಂದು ಅಭ್ಯಾಸ ಶುರುವಾದ ಮೇಲೆ ಅವರಿಗೇ ಅನ್ನಿಸಿರಬೇಕು. ಸಗಾಯರಾಜ ಒಂದು ಮಾತು ಹೇಳುವ ಮೊದಲೇ ಚೌರಪ್ಪ ಅದನ್ನು ಹೇಳಿ ಮುಗಿಸುತ್ತಿದ್ದ. ಹುಡುಗ ಬಿದ್ದರೆ, ಹಾಗಲ್ಲ ಬೀಳುವುದು ಎಂದು ತಾನು ಬಿದ್ದು ತೋರಿಸುತ್ತಿದ್ದ. ಹುಡುಗ ಮಾತು ನುಂಗತೊಡಗಿದ. ಬರುತ್ತಿದ್ದ ಸಾಲುಗಳೂ ಚಿಕ್ಕಪ್ಪನ ಮುಖ ಕಂಡೊಡನೆ ಮರೆತುಹೋಗುತ್ತಿದ್ದವು. ಬೇಸತ್ತ ಗುರುಗಳು ಚೌರಪ್ಪನನ್ನು ಅಭ್ಯಾಸದ ಕೊಟ್ಟಿಗೆಯಿಂದ ಹೊರಗೆ ಕಳಿಸಿದರು.

ಅವನು ನೇರ ಆಶ್ರಮಕ್ಕೆ ನಡೆದ. ಅಮ್ಮನವರು ಒಬ್ಬ ಮುದುಕನ ಬೆರಳಿಲ್ಲದ ಪಾದಕ್ಕೆ ಪಟ್ಟಿ ಸುತ್ತುತ್ತಿದ್ದರು. ಚೌರಪ್ಪ, "ಅಮ್ಮಾವ್ರೆ, ನೀವು ಹೇಳಿದಂಗೇ ಮಾಡ್ತಿದೀನಿ, ಆದ್ರೂ," ಎಂದು ಬಾಯಿ ತೆರೆದ.

"ಸತ್ತವನು ದೂರು ಹೇಳಲು ಇಷ್ಟು ದೂರ ನಡೆದು ಬರುವುದಿಲ್ಲ," ಎಂದರು ಅಮ್ಮನವರು, ಪಾದದಿಂದ ಕಣ್ಣು ತೆಗೆಯದೆ.

ಮುದುಕ ನಕ್ಕ. ಚೌರಪ್ಪ ಬಂದ ದಾರಿಯಲ್ಲೇ ಹಿಂದಿರುಗಿದ.

ಶುಭ ಶುಕ್ರವಾರ ಬಂತು. ಮಧ್ಯಾಹ್ನದ ಉರಿಯಲ್ಲಿ ಊರಾಚೆಯ ಬಂಡೆಯ ಮೇಲೆ ಮೂರು ಶಿಲುಬೆಗಳು ಎದ್ದು ನಿಂತವು. ಸುತ್ತಣ ಹಳ್ಳಿಗಳ ಜನ ನೆರೆದಿದ್ದರು. ಎಡಗಡೆಯ ಶಿಲುಬೆಗೆ ಹಗ್ಗದಿಂದ ಕಟ್ಟಿಸಿಕೊಂಡ ಚೌರಪ್ಪ ತನ್ನ ಸರದಿ ಬಂದಾಗ ಬೈದ. ಬಂಡೆಯೇ ಮಾರುತ್ತರ ಕೊಡುವ ಹಾಗೆ ಬೈದ. ನೀನು ದೇವಕುಮಾರನಾದರೆ ಇಳಿದು ಬಾ ಎಂದ, ನಿನ್ನಂಥವನಿಗೆ ಈ ಜಾಗ ಯಾರು ಕೊಟ್ಟರು ಎಂದ. ಕಡೆಯ ಮಾತು ನಾಟಕದಲ್ಲಿ ಇರಲಿಲ್ಲ. ಜನ ರೋಷಗೊಂಡು ಅವನ ಕಡೆ ಮಣ್ಣು ಎರಚಿದರು. ಎಲ್ಲರ ಕಣ್ಣೂ ಎಡಗಡೆಗೇ ನೆಟ್ಟಿತು. ಅವನು ಬಯಸಿದ್ದು ಸಿಕ್ಕಿತು.

ನಮ್ಮ ಕಡೆಯ ನಾಟಕದಲ್ಲಿ ಕಳ್ಳನ ಬೈಗುಳ ಮುಗಿದ ಮೇಲೆ ಸ್ವಾಮಿಯು ಕ್ಷಮೆಯ ಮಾತು ಆಡಬೇಕು. ಸಗಾಯರಾಜ ಆಡಲಿಲ್ಲ. ಮಾತು ಮರೆತಿತ್ತು. ಜನ ಕಾದರು. ಬಂಡೆಯ ಮೇಲೆ ಬಿಸಿಗಾಳಿಯ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಚೌರಪ್ಪನ ಎದೆಯಲ್ಲಿ ಮೊದಲು ಎದ್ದದ್ದು ಸಂತೋಷ. ಈಗ ಗೊತ್ತಾಗಲಿ ಇವರಿಗೆ, ಎಂದುಕೊಂಡ. ತಾನೇ ದೊಡ್ಡ ದನಿಯಲ್ಲಿ ಆ ಮಾತು ಹೇಳಿಬಿಟ್ಟರೆ ಹೇಗಿದ್ದೀತು ಎಂದೂ ಯೋಚಿಸಿದ.

ಆಗ ಸಗಾಯರಾಜ ಕತ್ತು ಹೊರಳಿಸಿ ಅವನನ್ನು ನೋಡಿದ. ಮುಳ್ಳಿನ ಕಿರೀಟದ ಕೆಳಗೆ ಮುಖವೆಲ್ಲ ಬೆವರು. ಅಣ್ಣ ತೀರಿಹೋದ ದಿನ ಅಂಗಳದಲ್ಲಿ ನಿಂತು ಇದೇ ಮಗು ಹೀಗೇ ತನ್ನ ಮುಖ ನೋಡಿತ್ತೆಂದು ಚೌರಪ್ಪನಿಗೆ ನೆನಪಾಯಿತು. ಅಂದಿನಿಂದ ಇಂದಿನವರೆಗೆ ತಾನು ಈ ಹುಡುಗನಿಗೆ ಬೈಗುಳ ಬಿಟ್ಟು ಬೇರೇನು ಕೊಟ್ಟಿದ್ದೇನೆ ಎಂಬುದು ಹೊಳೆಯಿತು. ಅವನು ತಲೆ ಬಗ್ಗಿಸಿ, ನೋವಿಗೆ ನರಳುವವನಂತೆ, ಇನ್ನಾರಿಗೂ ಕೇಳಿಸದ ಹಾಗೆ ಮಾತನ್ನು ದಾಟಿಸಿದ.

"ಅಪ್ಪಾ, ಇವರನ್ನು ಮನ್ನಿಸು. ಇವರಿಗೆ ತಿಳಿಯದು."

ಸಗಾಯರಾಜ ಜನರತ್ತ ತಿರುಗುವುದನ್ನು ಮರೆತ. ಚೌರಪ್ಪನ ಮುಖವನ್ನೇ ನೋಡುತ್ತ ಹೇಳಿದ:

"ಅಪ್ಪಾ, ಇವರನ್ನು ಮನ್ನಿಸು. ಇವರಿಗೆ ತಿಳಿಯದು."

ನೆರೆದ ಜನ ಗೊಳೋ ಎಂದು ಅತ್ತರು. ಮುಂದೆ ಚೌರಪ್ಪನಿಗೆ ಇನ್ನೆರಡು ಸಾಲು ಬೈಗುಳ ಇತ್ತು. ಅವನು ಅದನ್ನು ಹೇಳಲಿಲ್ಲ.

ಸಂಜೆ ದೇವಾಲಯದ ಅಂಗಳದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಕ್ಷಮಿಸುವ ಮೊದಲು ಸಗಾಯರಾಜ ಎಷ್ಟು ಹೊತ್ತು ಮೌನವಾಗಿದ್ದ, ಆಮೇಲೆ ಕಳ್ಳನ ಕಡೆ ಹೇಗೆ ತಿರುಗಿದ, ಅದೇನು ಅಭಿನಯ ಎಂದು ಹೊಗಳಿದರು. ಚೌರಪ್ಪನ ಬೀದಿಯವನೇ ಒಬ್ಬ ಹೆಗಲು ತಟ್ಟಿ, "ಬೇಜಾರು ಮಾಡ್ಕೋಬೇಡ ಮೇಸ್ತ್ರಿ, ಅಂಥಾ ಮೌನ ನಿನ್ನ ಕೈಲಿ ಆಗ್ತಿರಲಿಲ್ಲ," ಎಂದ.

ದೂರದಲ್ಲಿ ನಿಂತ ಸಗಾಯರಾಜ ಬಾಯಿ ತೆರೆಯಲು ಹೊರಟದ್ದನ್ನು ಕಂಡು ಚೌರಪ್ಪ ಬೇಡವೆಂದು ತಲೆಯಾಡಿಸಿದ. "ಹೌದಪ್ಪ, ಆಗ್ತಿರಲಿಲ್ಲ," ಎಂದ.

ಪುನರುತ್ಥಾನದ ಪಾಸ್ಕಹಬ್ಬ ಕಳೆದ ಮೇಲೆ ಅವನು ಆಶ್ರಮಕ್ಕೆ ಬಂದ. ಅವನ ತಲೆ ಕಂಡದ್ದೇ ಅಮ್ಮನವರ ಕೈ ತಾನಾಗಿ ಜಪಸರಕ್ಕೆ ಹೋಯಿತು.

"ಇನ್ನೇನಪ್ಪ?" ಎಂದರು.

"ಏನಿಲ್ಲ ಅಮ್ಮಾ. ಅಷ್ಟು ವರ್ಷ, ಮನ್ನಿಸು ಅನ್ನೋ ಆ ಮಾತು ನಾನೇ ಹೇಳ್ತಿದ್ದೆ. ನನ್ನನ್ನೂ ಸೇರಿಸಿ ಹೇಳಿದ್ದು ಅಂತ ಶುಕ್ರವಾರ ಕೇಳಿಸ್ತು."

ಅಮ್ಮನವರು ಜಪಸರ ಬಿಟ್ಟರು. ಅವರ ಕಣ್ಣು ತುಂಬಿದ್ದನ್ನು ಅಲ್ಲಿದ್ದ ಸಿಸ್ಟರುಗಳು ಮೊದಲ ಸಲ ಕಂಡರು. ಅವನ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಎಳೆದರು.

ಅಂದು ಬಂಡೆಯ ಮೇಲೆ ನಡೆದದ್ದನ್ನು ಚೌರಪ್ಪ ಯಾರಿಗೂ ಹೇಳಿಕೊಳ್ಳಲಿಲ್ಲ. ಅವನನ್ನು ಮಣ್ಣು ಮಾಡಿದ ದಿನ ಸಗಾಯರಾಜ ಅಳುತ್ತ ಹೇಳಿದಾಗಲೇ ನಮಗೆ ತಿಳಿದದ್ದು. ಮೊಣಕಾಲು ಸೋಲುವ ತನಕ ಪ್ರತಿ ವರ್ಷವೂ ಚೌರಪ್ಪ ಎಡಗಡೆಯ ಶಿಲುಬೆಯನ್ನೇ ಕೇಳಿ ಪಡೆದ. ಊರಿನ ಮಕ್ಕಳು ಅವನನ್ನು ಬೀದಿಯಲ್ಲಿ ಕಂಡರೆ "ಕಳ್ಳ ತಾತಾ" ಎಂದು ಕೂಗುತ್ತಿದ್ದರು. ಚೌರಪ್ಪ ನಿಂತು, ತಿರುಗಿ, "ಏನ್ ಮಗಾ?" ಎನ್ನುತ್ತಿದ್ದ.