ತರಬೇತಿಯ ಸರ್ ಕೈ ಕಟ್ಟಿ ಕೂತದ್ದು

ತಾಲೂಕಿನ ಇಪ್ಪತ್ತು ಶಾಲೆಗಳಿಂದ ಇಪ್ಪತ್ತು ಜನ ಮೇಷ್ಟ್ರು, ಟೀಚರುಗಳನ್ನು ಮೂರು ದಿನದ ತರಬೇತಿಗೆ ಕರೆದಿದ್ದರು. ಅಲ್ಲಿ ಕೂತು ಕಲಿಯಲು ತಲೆಗೊಂದು ಪೆಟ್ಟಿಗೆ ಕೊಟ್ಟರು. ಅದರಲ್ಲಿ ಅಂಗೈಯಗಲದ ಒಂದು ಬೋರ್ಡು, ಪುಟ್ಟ ಪುಟ್ಟ ಬಣ್ಣದ ದೀಪಗಳು, ಕೂಗುವ ಒಂದು ಬಜರು, ಒಂದು ಹಿಡಿ ತಂತಿ. ತಂತಿ ಜೋಡಿಸಿ, ಲ್ಯಾಪ್‌ಟಾಪಿನಲ್ಲಿ ನಾಲ್ಕು ಸಾಲು ಬರೆದು ಕಳಿಸಿದರೆ ಬೋರ್ಡು ಹೇಳಿದಂತೆ ಕೇಳುತ್ತದೆ. ಇದನ್ನು ಕಲಿತು ಹೋಗಿ ಮಕ್ಕಳ ಕೈಗೆ ಕೊಡಬೇಕು. ಮಕ್ಕಳು ತಮ್ಮ ಶಾಲೆಗೆ ಬೇಕಾದ ಏನಾದರೊಂದನ್ನು ತಾವೇ ಮಾಡಬೇಕು. ಇಷ್ಟೇ ವಿಷಯ.

ಕಲಿಸಲು ಬಂದವರು ನಿರಂಜನ್ ಸರ್. ಚಿಕ್ಕ ವಯಸ್ಸು, ಚುರುಕು ಬೆರಳು. ಮೊದಲ ದಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ತೋರಿಸಿದರು: "ಮಗು ತಾನೇ ಮಾಡಿ ಕಲಿಯಲಿ." ತೋರಿಸಿ, ಅದೇ ಉಸಿರಿನಲ್ಲಿ ಹೇಳಿದರು, "ನಾನು ಹೇಳೋವರೆಗೂ ಯಾರೂ ಪೆಟ್ಟಿಗೆ ಮುಟ್ಟಬೇಡಿ."

ಇಪ್ಪತ್ತು ಜನರೂ ಕೈ ಕಟ್ಟಿ ಕೂತರು. ಕೈ ಕಟ್ಟಿ ಎಂದು ಯಾರೂ ಹೇಳಬೇಕಾಗಲಿಲ್ಲ. ಒಂದನೇ ತರಗತಿಗೆ ಸೇರಿದ ದಿನ ಕಟ್ಟಿದ ಕೈಗಳು ಅವು. ದೊಡ್ಡವರಾದ ಮೇಲೆ ಬೇರೆಯವರ ಮಕ್ಕಳ ಕೈ ಕಟ್ಟಿಸುವುದೇ ಅವರ ಕೆಲಸವಾಗಿತ್ತು.

ಯಾರದಾದರೂ ದೀಪ ಹತ್ತದಿದ್ದರೆ "ಸರ್" ಎಂದು ಕೂಗುತ್ತಿದ್ದರು. ನಿರಂಜನ್ ಸರ್ ಓಡಿ ಬಂದು "ಕೊಡಿ ಇಲ್ಲಿ" ಎಂದು ಕಿತ್ತುಕೊಂಡು, ತಾವೇ ಸಿಕ್ಕಿಸಿ, ಹತ್ತಿಸಿಬಿಡುತ್ತಿದ್ದರು. ಎಲ್ಲರೂ ಚಪ್ಪಾಳೆ. ಎರಡನೇ ದಿನದ ಮಧ್ಯಾಹ್ನಕ್ಕೆ ಹತ್ತೊಂಬತ್ತು ಜನರ ಮೇಜಿನ ಮೇಲೆ ಹತ್ತೊಂಬತ್ತು ಟ್ರಾಫಿಕ್ ಸಿಗ್ನಲ್ ತಯಾರಾದವು. ಕೊಟ್ಟ ಪುಸ್ತಕದ ಮೊದಲ ಪುಟದಲ್ಲಿ ಅದೇ ಇತ್ತು. ಆ ಹತ್ತೊಂಬತ್ತು ಊರುಗಳಿಗೆ ದಿನಕ್ಕೆ ಎರಡು ಸಲ ಬಸ್ ಬರುತ್ತದೆ. ಅದೂ ಒಂದೇ ಬಸ್ಸು.

ಇಪ್ಪತ್ತನೆಯವರು ಓಬಳಮ್ಮ ಟೀಚರ್. ವಯಸ್ಸು ಐವತ್ತು ದಾಟಿತ್ತು. ಅವರು ಒಂದು ಮರದ ಪಟ್ಟಿಗೆ ಎರಡು ಮೊಳೆ ಹೊಡೆದು, ಮೊಳೆಗಳಿಗೆ ತಂತಿ ಸುತ್ತಿ ಬೋರ್ಡಿಗೆ ಸೇರಿಸುತ್ತಿದ್ದರು.

"ಇದೇನು ಟೀಚರ್? ಇದು ಪುಸ್ತಕದಲ್ಲಿಲ್ಲ," ಅಂದರು ನಿರಂಜನ್ ಸರ್.

"ನಮ್ಮ ಟ್ಯಾಂಕು ಪುಸ್ತಕದಲ್ಲಿ ಹೇಗಿರುತ್ತೆ ಸರ್? ಅದು ನಮ್ಮ ಶಾಲೆಯ ಮಾಳಿಗೆ ಮೇಲಿದೆ."

ಅವರ ಶಾಲೆಯಲ್ಲಿ ಬೆಳಿಗ್ಗೆ ಮೋಟರು ಹಾಕಿ ಟ್ಯಾಂಕ್ ತುಂಬಿಸುತ್ತಾರೆ. ತುಂಬಿತೋ ಇಲ್ಲವೋ ನೋಡಲು ಏಳನೇ ತರಗತಿಯ ಒಬ್ಬಳು ಅಂಗಳದಲ್ಲಿ ಕತ್ತೆತ್ತಿ ನಿಲ್ಲಬೇಕು. ನೀರು ಚೆಲ್ಲತೊಡಗಿದರೆ "ತುಂಬ್ತು" ಎಂದು ಕೂಗಬೇಕು. ಅದಕ್ಕೆ ದಿನಕ್ಕೊಬ್ಬರ ಪಾಳಿ. ಪಾಳಿ ಯಾವಾಗಲೂ ಹುಡುಗಿಯರದೇ. ಮೊದಲ ಪಿರಿಯಡ್ಡು ಗಣಿತ. ಗಣಿತದಲ್ಲಿ ಹುಡುಗಿಯರು ಹಿಂದೆ ಎಂದು ಆಮೇಲೆ ಅವರೇ ಬೈಸಿಕೊಳ್ಳುತ್ತಾರೆ.

ನೀರು ಎರಡೂ ಮೊಳೆಗೆ ತಾಗಿದಾಗ ಬಜರ್ ಕೂಗಬೇಕು. ಹುಡುಗಿ ಒಳಗೆ ಕೂತು ಲೆಕ್ಕ ಕಲಿಯಬೇಕು. ಓಬಳಮ್ಮನಿಗೆ ಬೇಕಾಗಿದ್ದು ಅಷ್ಟೇ.

ಪಟ್ಟಿಯನ್ನು ಬಕೆಟ್ಟಿನಲ್ಲಿ ಅದ್ದಿದರು. ಬಜರ್ ಕೂಗಿತು. ಹೊರಗೆ ತೆಗೆದರು. ಆಗಲೂ ಕೂಗಿತು. ಕೂಗುತ್ತಲೇ ಇತ್ತು.

ನಿರಂಜನ್ ಸರ್ ಓಡಿ ಬಂದರು. "ಕೊಡಿ ಇಲ್ಲಿ. ನಾಳೆ ಶಿಕ್ಷಣ ಇಲಾಖೆಯ ಸಾಹೇಬರು ಮಾದರಿ ನೋಡೋಕೆ ಬರ್ತಾರೆ."

ಓಬಳಮ್ಮ ಪಟ್ಟಿಯನ್ನು ಎದೆಗೆ ಒತ್ತಿಕೊಂಡರು. "ಇಲ್ಲ ಸರ್. ನೀವು ಕೈ ಕಟ್ಟಿ."

ಹತ್ತೊಂಬತ್ತು ಜನರೂ ಇತ್ತ ತಿರುಗಿದರು.

"ಏನಂದ್ರಿ?"

"ಕೈ ಕಟ್ಟಿ ಅಂದೆ. ನೀವು ಮಾಡಿಕೊಟ್ರೆ ನಾಳೆ ಸರಿ ಹೋಗುತ್ತೆ. ಸೋಮವಾರ ನಮ್ಮ ಮಾಳಿಗೆ ಮೇಲೆ ಕೆಟ್ಟು ನಿಂತರೆ ಯಾರನ್ನ ಕರೀಲಿ?"

"ಶಾಲೆಗೆ ಒಯ್ಯೋಕೆ ಇರೋದು ಹತ್ತೇ ಪೆಟ್ಟಿಗೆ ಟೀಚರ್. ಕೆಲಸ ಮಾಡದ ಮಾದರಿಗೆ ಸಿಗಲ್ಲ."

"ಪೆಟ್ಟಿಗೆ ನನಗೆ ಬೇಕು. ಆದರೆ ರಿಪೇರಿ ಗೊತ್ತಿಲ್ಲದ ಪೆಟ್ಟಿಗೆ ಒಯ್ದು ಏನು ಮಾಡ್ಲಿ? ಬೀರುವಿನಲ್ಲಿಟ್ಟು ಆಯುಧಪೂಜೆಗೆ ಕುಂಕುಮ ಹಚ್ಚಲಾ?"

ಪಕ್ಕದ ಮೇಜಿನ ತಿಮ್ಮಯ್ಯ ಮೇಷ್ಟ್ರು ನಕ್ಕರು. "ಕೊಟ್ಟುಬಿಡ್ರೀ ಓಬಳಮ್ಮ. ಈ ವಯಸ್ಸಲ್ಲಿ ನಿಮಗ್ಯಾಕೆ ಹಠ?"

"ಆ ವಯಸ್ಸಲ್ಲಿ ಹಠ ಮಾಡೋಕೆ ಬಿಡಲಿಲ್ಲವಲ್ಲ ಮೇಷ್ಟ್ರೇ, ಅದಕ್ಕೆ ಈಗ."

ನಿರಂಜನ್ ಸರ್ ಸಿಟ್ಟಿನಿಂದಲೇ ಕೈ ಕಟ್ಟಿ ಕುರ್ಚಿಯ ಮೇಲೆ ಕೂತರು. ಕೂತ ಮೇಲೆ ಗೊತ್ತಾಯಿತು, ಅದೆಷ್ಟು ಕಷ್ಟದ ಕೆಲಸ ಎಂದು. ಬೆರಳುಗಳು ಕಂಕುಳಲ್ಲೇ ಒದ್ದಾಡುತ್ತಿದ್ದವು.

ಮೂರನೇ ದಿನ ಸಾಹೇಬರು ಬಂದರು. ಹತ್ತೊಂಬತ್ತು ಸಿಗ್ನಲ್ಲುಗಳು ಕೆಂಪು, ಹಳದಿ, ಹಸಿರು ಎಂದು ಮಿನುಗಿದವು. ಸಾಹೇಬರಿಗೆ ಸಂತೋಷವೋ ಸಂತೋಷ. ಕೊನೆಯ ಮೇಜಿನಲ್ಲಿ ಓಬಳಮ್ಮ ಬೆಳಿಗ್ಗೆಯಿಂದ ಪಟ್ಟಿಯನ್ನು ಅದ್ದಿ, ತೆಗೆದು ನೋಡುತ್ತಲೇ ಇದ್ದರು. ಸಾಹೇಬರು ಅವರ ಹತ್ತಿರ ಬಂದು ಕೇಳಿದರು, "ಇದ್ಯಾಕ್ರೀ ಹೀಗೆ ಅಳ್ತಿದೆ?"

"ತಪ್ಪಿದೆ ಸರ್. ಎಲ್ಲಿ ಅಂತ ಹುಡುಕ್ತಿದ್ದೀನಿ."

"ಹುಡುಕಿ, ಹುಡುಕಿ," ಎಂದು ಸಾಹೇಬರು ಪೆಟ್ಟಿಗೆಗೆಂದು ಹತ್ತು ಸಿಗ್ನಲ್ಲಿನವರ ಹೆಸರು ಬರೆದುಕೊಂಡರು. ಓಬಳಮ್ಮನ ಹೆಸರು ಬರೆಯಲಿಲ್ಲ.

ಓಬಳಮ್ಮ ತಲೆ ಎತ್ತಲಿಲ್ಲ. ತಂತಿ ಬದಲಾಯಿಸಿದರು. ಕೂಗಿತು. ಪಟ್ಟಿಯನ್ನೇ ಬಿಚ್ಚಿ ಬದಿಗಿಟ್ಟರು. ನಿಂತಿತು. ಹಾಗಾದರೆ ತಪ್ಪು ಪಟ್ಟಿಯಲ್ಲೇ ಇದೆ. ಮೊಳೆಗಳನ್ನು ಸೆರಗಿನಿಂದ ಒರೆಸಿ ಮತ್ತೆ ಸೇರಿಸಿದರು. ಕೂಗಿತು. ಮೊಳೆಗಳ ನಡುವಿನ ಮರವನ್ನು ಮುಟ್ಟಿ ನೋಡಿದರು. ತಣ್ಣಗೆ, ಒದ್ದೆಯಾಗಿತ್ತು. ಮರ ನೀರು ಕುಡಿದು ಕೂತಿದೆ. ಹೊರಗೆ ತೆಗೆದರೂ ಅದರ ಪಾಲಿಗೆ ಟ್ಯಾಂಕು ತುಂಬಿಯೇ ಇದೆ.

ನೀರು ಕುಡಿಯದ ವಸ್ತು ಬೇಕು. ಬ್ಯಾಗಿಗೆ ಕೈ ಹಾಕಿ ತಮ್ಮ ಪ್ಲಾಸ್ಟಿಕ್ ಬಾಚಣಿಗೆ ತೆಗೆದರು. ಈ ತುದಿಯ ಹಲ್ಲಿಗೊಂದು, ಆ ತುದಿಯ ಹಲ್ಲಿಗೊಂದು ತಂತಿ ಸುತ್ತಿದರು. ಅದ್ದಿದರು. ಕೂಗಿತು. ತೆಗೆದು ಕೊಡವಿದರು. ನಿಂತಿತು. ಮೂರು ಸಲ ಮಾಡಿ ನೋಡಿದರು. ಮೂರು ಸಲವೂ ನಿಂತಿತು.

ಅಷ್ಟು ಹೊತ್ತಿಗೆ ಅತ್ತ ಗ್ರೂಪ್ ಫೋಟೋ. ಎಲ್ಲರೂ ತಮ್ಮ ತಮ್ಮ ಸಿಗ್ನಲ್ ಎತ್ತಿ ಹಿಡಿದರು. ಎತ್ತಿದ್ದೇ ತಡ, ತಂತಿಗಳು ಸಡಿಲಾಗಿ ಒಂದೊಂದೇ ದೀಪ ಆರತೊಡಗಿತು. ಮೊದಲು ಆರಿದ್ದು ತಿಮ್ಮಯ್ಯ ಮೇಷ್ಟ್ರದು.

"ಸರ್, ಸ್ವಲ್ಪ ಬನ್ನಿ."

"ಸರ್, ನಂದೂ ನೋಡಿ."

"ಸರ್."

ನಿರಂಜನ್ ಸರ್ ಎದ್ದು ಎರಡು ಹೆಜ್ಜೆ ಇಟ್ಟರು. ಬಾಚಣಿಗೆ ಹಿಡಿದು ನಿಂತ ಓಬಳಮ್ಮನನ್ನು ನೋಡಿದರು. ಮತ್ತೆ ಕುರ್ಚಿಗೆ ಹೋಗಿ ಕೈ ಕಟ್ಟಿ ಕೂತರು. ಈ ಸಲ ಸಿಟ್ಟಿರಲಿಲ್ಲ.

"ಹುಡುಕಿ ಮೇಷ್ಟ್ರೇ. ನಾನಿಲ್ಲೇ ಇರ್ತೀನಿ."

ಸಾಹೇಬರು ಆರಿದ ದೀಪಗಳನ್ನು ನೋಡಿದರು. ಕೈ ಕಟ್ಟಿ ಕೂತ ಸರ್ ಅನ್ನು ನೋಡಿದರು. ಅಳು ನಿಲ್ಲಿಸಿದ್ದ ಓಬಳಮ್ಮನ ಬಜರನ್ನು ನೋಡಿದರು. ಬರೆದುಕೊಂಡಿದ್ದ ಹತ್ತು ಹೆಸರಿನ ಮೇಲೆ ಅಡ್ಡ ಗೆರೆ ಎಳೆದರು. "ತಮ್ಮದನ್ನ ತಾವೇ ಸರಿ ಮಾಡ್ಕೊಂಡವರ ಶಾಲೆಗೆ ಪೆಟ್ಟಿಗೆ," ಅಂದರು. ಮೊದಲ ಹೆಸರು ಬರೆಯಲು ಅವರು ಯಾರನ್ನೂ ಕೇಳಬೇಕಾಗಲಿಲ್ಲ. ಸಂಜೆಯೊಳಗೆ ಇನ್ನೂ ಆರು ಹೆಸರು ಸೇರಿದವು. ಆರನೆಯವರು ತಿಮ್ಮಯ್ಯ ಮೇಷ್ಟ್ರು. ಉಳಿದ ಮೂರು ಪೆಟ್ಟಿಗೆಗೆ ಆವತ್ತು ವಾರಸುದಾರರು ಸಿಗಲಿಲ್ಲ.

ಸೋಮವಾರ ಓಬಳಮ್ಮ ಪೆಟ್ಟಿಗೆಯನ್ನು ಏಳನೇ ತರಗತಿಯ ಮಧ್ಯೆ ತೆರೆದಿಟ್ಟರು. ಬಾಚಣಿಗೆಯನ್ನು ಮಾತ್ರ ಬ್ಯಾಗಿನಿಂದ ತೆಗೆಯಲಿಲ್ಲ. ಮರ ನೀರು ಕುಡಿಯುತ್ತದೆ ಎಂದೂ ಹೇಳಲಿಲ್ಲ.

"ಟ್ಯಾಂಕು ತುಂಬಿದ್ದು ನಮಗೆ ಒಳಗೇ ಗೊತ್ತಾಗಬೇಕು," ಅಂದರು. "ಹೇಗೆ ಅಂತ ನೀವು ನೋಡಿ."

ಆವತ್ತಿನ ಪಾಳಿ ಭೂಮಿಕಾಳದು. ಅವಳ ಕೈ ಪೆಟ್ಟಿಗೆಯವರೆಗೆ ಹೋಯಿತು. ಅರ್ಧದಲ್ಲೇ ಹಿಂದೆ ಬಂದು ಎದೆಯ ಮೇಲೆ ಕಟ್ಟಿಕೊಂಡಿತು.

"ಮುಟ್ಟಬಹುದಾ ಟೀಚರ್?"

ಓಬಳಮ್ಮ ನೆಲದ ಮೇಲೆ ಅವಳ ಎದುರಿಗೇ ಕೂತು, ತಮ್ಮ ಎರಡೂ ಕೈಗಳನ್ನು ಬಿಗಿಯಾಗಿ ಕಟ್ಟಿಕೊಂಡರು.

ನೀತಿ: ಕಲಿಸುವವರ ಕೈ ಸುಮ್ಮನಿರಲು ಕಲಿಯುವವರೆಗೆ, ಕಲಿಯುವವರ ಕೈಗೆ ಕೆಲಸ ಬರುವುದಿಲ್ಲ. ಹತ್ತು ವರ್ಷ ಕೈ ಕಟ್ಟಿ ಕೂತು ಶಾಲೆ ಮುಗಿಸಿದ ಯಾರನ್ನಾದರೂ ಕೇಳಿ, ಹೇಳುತ್ತಾರೆ. ನಿಮ್ಮ ತಪ್ಪನ್ನು ನೀವು ಹುಡುಕುತ್ತಿರುವಾಗ "ಕೊಡಿ ಇಲ್ಲಿ" ಎಂದು ಯಾರಾದರೂ ಕೈ ಚಾಚಿದರೆ, ಅವರು ಎಷ್ಟೇ ದೊಡ್ಡವರಾಗಿರಲಿ, ಕೊಡಬೇಡಿ.